ಜೋರ್ಬಾ ಕುಣಿಯೋಕೆ ಮುಂಚೆ

ಗ್ರೀಸ್ ಅಂದ ತಕ್ಷಣ ನಮ್ಮ ತಲೇಲಿ ಬರೋದು ಎರಡೇ ಚಿತ್ರ. ಒಂದು, ಸಾಕ್ರೆಟಿಸ್, ಸೊಫೊಕ್ಲಿಸರ ಗ್ರೀಸು. ಬಿಎಂಶ್ರೀ ಅವರು ‘ಅಶ್ವತ್ಥಾಮನ್’ ನಾಟಕದ ಮೂಲಕ ಕನ್ನಡಕ್ಕೆ ಕರೆತಂದ ಗ್ರೀಸು. ಇನ್ನೊಂದು, ಇನ್‌ಸ್ಟಾಗ್ರಾಮಿನ ಸ್ಯಾಂಟೊರಿನಿ: ಬಿಳಿ ಗೋಡೆ, ನೀಲಿ ಗುಮ್ಮಟ, ಹನಿಮೂನು. ಇವೆರಡರ ನಡುವೆ ಬದುಕಿದ ಜನ ಹೇಗಿದ್ರು ಅಂತ ಕೇಳಿದ್ರೆ, ಎಲ್ಲರೂ ಕೈತೋರಿಸೋದು 1964ರ ‘ಜೋರ್ಬಾ ದಿ ಗ್ರೀಕ್’ ಸಿನಿಮಾ ಕಡೆಗೆ. ಒಳ್ಳೇ ಸಿನಿಮಾನೇ. ಆದರೆ ನಾವು ಅದನ್ನ ನೆನಪಿಟ್ಟುಕೊಂಡಿರೋ ರೀತಿ ಬಗ್ಗೆ ನನಗೆ ತಕರಾರಿದೆ.

ನೆನಪಿರೋದು ಏನು? ಕಡಲ ದಂಡೆ, ಆಂಟನಿ ಕ್ವಿನ್, ಭುಜದ ಮೇಲೆ ಕೈ ಹಾಕಿಕೊಂಡು ಇಬ್ಬರು ಗಂಡಸರ ಕುಣಿತ. ಮಿಕಿಸ್ ಥಿಯೊಡೊರಾಕಿಸ್ ಕೊಟ್ಟ ಆ ಟ್ಯೂನು, ನಿಧಾನಕ್ಕೆ ಶುರುವಾಗಿ ಓಡೋಕೆ ಹತ್ತುತ್ತಲ್ಲ, ಅದು. ಗ್ರೀಕರ ಸಾವಿರಾರು ವರ್ಷದ ಜಾನಪದ ಅಂತ ನಾವು ಅಂದುಕೊಂಡಿರೋ ಆ ಸಿರ್ತಾಕಿ ಕುಣಿತ ಹುಟ್ಟಿದ್ದೇ ಈ ಸಿನಿಮಾಕ್ಕಾಗಿ. ಹಸಾಪಿಕೊ ಅನ್ನೋ ಹಳೇ ಕುಣಿತದ ನಿಧಾನ, ವೇಗ ಎರಡನ್ನೂ ಬೆಸೆದು ಮಾಡಿದ್ದು. ಕುಣಿದ ಕ್ವಿನ್ ಹುಟ್ಟಿದ್ದು ಮೆಕ್ಸಿಕೊದಲ್ಲಿ. ಜೋರ್ಬಾ ಇಡೀ ಕತೆಯಲ್ಲಿ ಹೊತ್ತು ತಿರುಗೋ ವಾದ್ಯ ಸಂತೂರಿ, ನಮ್ಮ ಸಂತೂರಿನ ಬಂಧು. ಕೊನೆಗೆ ನಮ್ಮ ಕಿವಿಯಲ್ಲಿ ಉಳಿಯೋದು ಮಾತ್ರ ಬುಝುಕಿ. ಇರ್ಲಿ ಬಿಡಿ, ಸಿನಿಮಾ ಅಂದಮೇಲೆ ಇದೆಲ್ಲ ಇದ್ದದ್ದೇ.

ನನ್ನ ತಕರಾರು ಇರೋದು ಆ ಕುಣಿತಕ್ಕೆ ಮುಂಚೆ ನಡೆಯೋದರ ಬಗ್ಗೆ. ಕ್ರೀಟ್ ದ್ವೀಪದ ಆ ಹಳ್ಳೀಲಿ ಒಬ್ಬಳು ವಿಧವೆ ಇದ್ದಾಳೆ (ಐರೀನ್ ಪಾಪಾಸ್). ಊರಿನ ಗಂಡಸರಿಗೆಲ್ಲ ಅವಳ ಮೇಲೆ ಕಣ್ಣು, ಅವಳಿಗೆ ಯಾರೂ ಬೇಡ. ಅವಳು ಒಂದು ರಾತ್ರಿ ಹೊರಗಿನವನ ಜೊತೆ ಇದ್ದಳು ಅಂತ ಗೊತ್ತಾಗಿ ಊರಿನ ಹುಡುಗನೊಬ್ಬ ಸಮುದ್ರಕ್ಕೆ ಬೀಳ್ತಾನೆ. ಇಡೀ ಊರು ಅವಳನ್ನ ಚರ್ಚಿನ ಮುಂದೆ ಸುತ್ತುವರಿದು ಕಲ್ಲು ಹೊಡೆಯುತ್ತೆ. ಜೋರ್ಬಾ ಅಡ್ಡ ಬಂದರೂ, ಸತ್ತ ಹುಡುಗನ ಅಪ್ಪ ಅವಳ ಕತ್ತು ಕೊಯ್ತಾನೆ. ಆಮೇಲೆ? ಏನೂ ಇಲ್ಲ. ಪೊಲೀಸೂ ಇಲ್ಲ, ಪಶ್ಚಾತ್ತಾಪವೂ ಇಲ್ಲ.

ಮುಂದೆ ಫ್ರೆಂಚ್ ಮುದುಕಿ ಮೇಡಂ ಹೊರ್ತೆನ್ಸ್ ಸಾಯ್ತಾಳೆ. ಜೀವ ಹೋಗೋಕೆ ಮುಂಚೆನೇ ಊರವರು ಅವಳ ಮನೆಗೆ ನುಗ್ಗಿ ಸಾಮಾನು ದೋಚ್ತಾರೆ. ವಾರಸುದಾರರಿಲ್ಲ, ಬಿಟ್ಟರೆ ಸರ್ಕಾರದ ಪಾಲಾಗುತ್ತೆ ಅನ್ನೋದು ಅವರ ಲೆಕ್ಕ. ಅವಳು ಬೇರೆ ಪಂಥದ ಕ್ರೈಸ್ತಳು, ಹಾಗಾಗಿ ಅಂತ್ಯಕ್ರಿಯೆಯೂ ಇಲ್ಲ. ಈ ಪಾತ್ರಕ್ಕೇ ಲೀಲಾ ಕೆದ್ರೊವಾಗೆ ಆಸ್ಕರ್ ಬಂತು. ಗ್ರೀಕಿನಲ್ಲಿ ‘ಕ್ಸೆನೊಸ್’ ಅಂದ್ರೆ ಪರಕೀಯ, ಅತಿಥಿ ಎರಡೂ ಹೌದು. ಅತಿಥಿ ಸತ್ಕಾರಕ್ಕೆ ಅವರಿಡುವ ಹೆಸರು ‘ಫಿಲೊಕ್ಸೆನಿಯ’, ಪರಕೀಯನ ಮೇಲಿನ ಪ್ರೀತಿ. ಟೂರಿಸ್ಟ್ ಬ್ರೋಶರ್‌ಗಳಲ್ಲಿ ಈ ಪದ ಓದೋರು ಹೊರ್ತೆನ್ಸ್‌ಳ ಖಾಲಿಯಾದ ಮನೆಯನ್ನೂ ಒಮ್ಮೆ ನೋಡಬೇಕು.

ನಿರ್ದೇಶಕ ಮೈಕೆಲ್ ಕಾಕೊಯಾನಿಸ್ ಇದನ್ನೆಲ್ಲ ಮುಚ್ಚಿಡಲಿಲ್ಲ, ಅದು ಅವರ ದೊಡ್ಡತನ. ಆದರೆ ಒಂದು ಬದಲಾವಣೆ ನನಗೆ ಒಪ್ಪಿಗೆಯಾಗಲ್ಲ. 1946ರ ಕಾದಂಬರಿ ಬರೆದ ನಿಕೊಸ್ ಕಜಾಂಟ್ಜಾಕಿಸ್ ಕ್ರೀಟಿನವರೇ. ಅದರಲ್ಲಿ ಕತೆ ಹೇಳುವವನೂ ಗ್ರೀಕನೇ. ಹಾಗಾಗಿ ಆ ಕೊಲೆ ಅವನ ಮನೆಯೊಳಗಿನ ಅವಮಾನ. ಸಿನಿಮಾದಲ್ಲಿ ಅವನು ಇಂಗ್ಲೆಂಡಿನಲ್ಲಿ ಬೆಳೆದ ಅರೆ-ಇಂಗ್ಲಿಷಿನವ. ಸೂಟು ಹಾಕಿಕೊಂಡು ಬರ್ತಾನೆ, ನೋಡ್ತಾನೆ, ಹೊರಡ್ತಾನೆ. ಅವನ ಜೊತೆ ನಾವೂ ಟೂರಿಸ್ಟ್ ಆಗಿಬಿಡ್ತೀವಿ. ಹಳ್ಳಿಯವರು ಹೆಸರಿಲ್ಲದ ಕರೀ ಬಟ್ಟೆಯ ಗುಂಪಾಗಿ ಉಳೀತಾರೆ. ಅವರ ಬಡತನ, ಭಯ, ಮರ್ಯಾದೆಯ ಲೆಕ್ಕಾಚಾರ ಎಲ್ಲಿಂದ ಬಂತು ಅಂತ ಕೇಳೋರೇ ಇಲ್ಲ. ಜೋರ್ಬಾನ ‘ಈ ಕ್ಷಣ ಬದುಕು’ ಅನ್ನೋ ತತ್ವ, ಸತ್ತವಳ ಬಗ್ಗೆ ಇನ್ನು ಮಾತಾಡಬೇಡ ಅನ್ನೋದಕ್ಕೆ ಹತ್ತಿರ ಬಂದುಬಿಡುತ್ತೆ.

ಆಫೀಸಿನ ಸ್ಟ್ರೆಸ್ಸಿಗೆ ಜೋರ್ಬಾನನ್ನ ಮಾತ್ರೆ ಥರ ನುಂಗೋ ನಮ್ಮಂಥವರಿಗೆ ಇದು ಮುಖ್ಯ. ಅವನಿಗೆ ಎಲ್ಲ ಮರೆತು ಕುಣಿಯೋ ಸ್ವಾತಂತ್ರ್ಯ ಇದೆ, ಅದೇ ಊರಿನ ವಿಧವೆಗೆ ತನಗೆ ಬೇಕಾದವನನ್ನ ಆರಿಸಿಕೊಳ್ಳೋ ಸ್ವಾತಂತ್ರ್ಯವೂ ಇಲ್ಲ. ಒಂದು ನಾಡನ್ನ ತಿಳ್ಕೊಳ್ಳೋದು ಅಂದ್ರೆ ಈ ಎರಡನ್ನೂ ಒಟ್ಟಿಗೆ ನೋಡೋದು. ನಮ್ಮ ಊರುಗಳ ‘ಮರ್ಯಾದೆ’ ಹತ್ಯೆ ಸುದ್ದಿ ಓದಿದವರಿಗೆ ಆ ಚರ್ಚಿನ ಅಂಗಳ ಅಷ್ಟೇನೂ ಪರದೇಶ ಅನ್ನಿಸಲ್ಲ.

ಸಿನಿಮಾ ಖಂಡಿತ ನೋಡಿ. ಮುಗಿದ ಮೇಲೆ ಇದೇ ಕಾಕೊಯಾನಿಸ್, ಇದೇ ಪಾಪಾಸ್ ಜೋಡಿಯ 1977ರ ‘ಇಫಿಜೀನಿಯ’ವನ್ನೂ ಹುಡುಕಿ ನೋಡಿ. ಅಲ್ಲಿ ಸೈನ್ಯದ ಮುಂದೆ ಮಾನ ಉಳಿಸಿಕೊಳ್ಳೋಕೆ ಅಪ್ಪನೇ ಮಗಳನ್ನ ಬಲಿ ಕೊಡೋಕೆ ಹೊರಡ್ತಾನೆ. ತಾಯಿಯಾಗಿ ಪಾಪಾಸ್ ಸುಮ್ಮನಿರಲ್ಲ, ಜೋರ್ಬಾನ ಹಳ್ಳೀಲಿ ಯಾರೂ ಕೇಳದ ಪ್ರಶ್ನೆಗಳನ್ನ ಅವನ ಮುಖಕ್ಕೇ ಕೇಳ್ತಾಳೆ.