ಗುಜರಿ ಊರ ಹೊರಗ ಹೋದ್ರ ಸಾಕೇನ್ರಿ?

ಕಲಬುರಗಿಯಲ್ಲಿ ಗುಜರಿ ಅಂಗಡಿಗಳ ಮಾತು ಬಂದಾಗೆಲ್ಲ ಕೇಳುವ ಪರಿಹಾರ ಒಂದೇ: ಊರ ಹೊರಗ ಹಾಕ್ರಿ. ಹುಮನಾಬಾದ್ ರಸ್ತೆ ಹಿಡಿಸಿ ಕಪನೂರು ದಾಟಿಸಿದರೆ ಪರಿಸರ ಉಳೀತು ಅಂತ ಲೆಕ್ಕ. ಇದರಲ್ಲಿ ಅರ್ಧ ನಿಜ ಇದೆ. ಮನೆಗಳ ನಡುವೆ ಗ್ಯಾಸ್ ಕಟರ್ ಹಿಡಿದು ಲಾರಿ ಕೊಯ್ಯುವುದು, ತಾಮ್ರಕ್ಕಾಗಿ ವೈರ್ ಸುಡುವುದು ಯಾರಿಗೂ ಬೇಡ. ನನ್ನ ತಕರಾರು ಉಳಿದರ್ಧದ ಮೇಲೆ. ಹೊರಗ ಅಂದ್ರ ಎಲ್ಲಿ? ಅದೇ ರಸ್ತೆಯಲ್ಲಿ ಮುಂದೆ ಕಮಲಾಪುರ ಇದೆ. ಕೆಂಪು ಬಾಳೆಗೆ ಜಿಐ ಮಾನ್ಯತೆ ಪಡೆದ ಊರು. ನಮಗೆ ಹೊರಗಾದದ್ದು ಅವರಿಗೆ ಹೊಲ, ಬಾವಿ, ತೋಟ.

ಇನ್ನೊಂದು ತಮಾಷೆ ನೋಡ್ರಿ. ಕಮಲಾಪುರಕ್ಕೆ ಹೋಗುವಾಗ ಕುರಿಕೋಟಾದಲ್ಲಿ ದಾಟುವುದು ಬೆಣ್ಣೆತೊರಾ ನದಿ. ಕಲಬುರಗಿ ಭೀಮೆಯ ಜೊತೆಗೆ ಈ ನದಿಯ ನೀರನ್ನೂ ಕುಡಿಯುತ್ತದೆ. ನಾವು ಹೊರಗೆ ಕಳಿಸಿದ್ದು ನಲ್ಲಿಯಲ್ಲಿ ವಾಪಸ್ ಬರಬಹುದು.

ಜಾಗದ ನಿಯಮ ಅಂದಾಗ ನಾವು ಟೇಪು ಹಿಡಿಯುವುದು ಮನೆಯಿಂದ, ಶಾಲೆಯಿಂದ, ಮುಖ್ಯರಸ್ತೆಯಿಂದ. ಹಳ್ಳದಿಂದ, ಬಾವಿಯಿಂದ ಅಳೆಯುವ ಮಾತೇ ಬರುವುದಿಲ್ಲ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಹಳೇ ಇಂಜಿನ್ ಆಯಿಲ್ ಚೆಲ್ಲಿ, ಬ್ಯಾಟರಿ ಒಡೆದು ಆ್ಯಸಿಡ್ ಸುರಿದರೆ ಮೊದಲ ಮಳೆಗೆ ಅದು ಎಲ್ಲಿಗೆ ಹೋಗುತ್ತದೆ ಅಂತ ಯಾವ ರೈತನನ್ನಾದರೂ ಕೇಳ್ರಿ. ಬ್ಯಾಟರಿಯ ಸೀಸವಂತೂ ಮಣ್ಣಿನಲ್ಲೇ ಉಳಿಯುತ್ತದೆ, ಮಕ್ಕಳ ಮಿದುಳಿಗೇ ಪೆಟ್ಟು ಕೊಡುತ್ತದೆ.

ಕಾನೂನು ಇಲ್ಲ ಅಂತಲ್ಲ. ಆಯುಷ್ಯ ಮುಗಿದ ವಾಹನಗಳ ಬಗ್ಗೆ ಕೇಂದ್ರದ ನಿಯಮಗಳು 2025ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ಕೃಷಿ ಟ್ರ್ಯಾಕ್ಟರ್, ಟ್ರೇಲರ್, ಪವರ್ ಟಿಲ್ಲರ್, ಕಂಬೈನ್ ಹಾರ್ವೆಸ್ಟರ್ ಅದರೊಳಗೆ ಬರುವುದಿಲ್ಲ. ತೊಗರಿ ನಾಡಿನ ಗುಜರಿಗೆ ಇದು ಸಣ್ಣ ವಿನಾಯಿತಿ ಏನ್ರಿ? ಬ್ಯಾಟರಿಗೆ 2022ರ ಬೇರೆ ನಿಯಮ, ಇ-ತ್ಯಾಜ್ಯಕ್ಕೆ ಮತ್ತೊಂದು. ಗುಜರಿಯಲ್ಲಿ ಮಾತ್ರ ಎಲ್ಲಾ ಒಂದೇ ರಾಶಿ.

ಬರೀ ಜಾಗ ಗೊತ್ತು ಮಾಡಿದರೆ ಏನಾಗುತ್ತದೆ ಅನ್ನಲು ದಿಲ್ಲಿಯ ಮಾಯಾಪುರಿ ಸಾಕು. ಅದು ಹೆಸರಾಂತ ಗುಜರಿ ಮಾರುಕಟ್ಟೆ. 2010ರಲ್ಲಿ ದಿಲ್ಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೇ ಯಂತ್ರದೊಳಗಿನ ಕೋಬಾಲ್ಟ್-60 ಅಲ್ಲಿಗೆ ಬಂತು, ಒಬ್ಬ ಕಾರ್ಮಿಕ ಸತ್ತ. ಒಳಗೆ ಏನು ಬರುತ್ತಿದೆ ಅಂತ ನೋಡುವವರಿರಲಿಲ್ಲ.

ಹಾಗಂತ ಎಲ್ಲ ಗುಜರಿಯವರನ್ನೂ ಒಂದೇ ತಕ್ಕಡಿಗೆ ಹಾಕಬಾರದು. ತಳ್ಳುಗಾಡಿಯಲ್ಲಿ ರದ್ದಿ, ಬಾಟಲಿ, ತಗಡು ಕೂಡಿಸುವವನು ಇಪ್ಪತ್ತು ಕಿಲೋಮೀಟರ್ ಹೋಗಿ ಮಾರ್ತಾನೇನು? ಕೊಳ್ಳುವ ಅಂಗಡಿ ಓಣಿಯ ಹತ್ತಿರವೇ ಇರಲಿ, ಇಲ್ಲದಿದ್ದರೆ ಆ ರದ್ದಿ ನಾಲಿಗೆ ಬೀಳುತ್ತದೆ. ಗಾಡಿ ಒಡೆಯುವ, ಬ್ಯಾಟರಿ ಬಿಚ್ಚುವ ಕೆಲಸ ಮಾತ್ರ ಬೇರೆ ಕಡೆ ಹೋಗಲಿ. ಅಲ್ಲಿ ಕಾಂಕ್ರೀಟ್ ನೆಲ, ಮೇಲೆ ಛಾವಣಿ, ಆಯಿಲ್ ಹಿಡಿಯುವ ಗುಂಡಿ ಬೇಕು. ಕೈಗಾರಿಕಾ ಪ್ರದೇಶದಲ್ಲಿ ಇಂಥ ನೆಲವನ್ನು ಪಾಲಿಕೆಯೇ ಹಾಕಿಸಿ ಬಾಡಿಗೆಗೆ ಕೊಟ್ಟರೆ ಸಣ್ಣವರೂ ಬರುತ್ತಾರೆ. ಲೈಸೆನ್ಸ್ ಅರ್ಜಿಯಲ್ಲಿ ಅಂಗಡಿಯ ವಿಳಾಸ ಕೇಳುವ ಜೊತೆಗೆ ಹತ್ತಿರದ ಬಾವಿ ಎಷ್ಟು ದೂರ ಅಂತಲೂ ಒಂದು ಸಾಲು ಸೇರಿಸಲಿ.