ಗಾಳಿ ತುಂಬುವ ಮುನ್ನ

ಸೂಪರ್‌ಚಾರ್ಜರ್‌ಗೆ ಅಂದರೆ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚಿನ ಗಾಳಿ ಊದುವ ಯಂತ್ರಕ್ಕೆ, ನಮ್ಮ ಕಡೆ ಸಿಕ್ಕಿರುವ ಹೆಸರು ಅದು ಮಾಡಬಲ್ಲ ಕೆಲಸಕ್ಕಿಂತ ಬಹಳ ದೊಡ್ಡದು. ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರು ಎಂದು ಹೆದ್ದಾರಿಗುಂಟ ಇರುವ ಗ್ಯಾರೇಜುಗಳ ಮುಂದೆ ಪಿಕಪ್ ನಿಲ್ಲಿಸಿಕೊಂಡ ಹುಡುಗರು ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ತೋರಿಸಿ, “ಇದನ್ನ ನಮ್ಮ ಗಾಡಿಗೆ ಕೂಡಸಾಕ ಬರ್ತೈತೇನ್ರೀ?” ಎಂದು ಕೇಳುತ್ತಾರೆ. ವಿಡಿಯೊದಲ್ಲಿರುವುದು ಐದು ಲೀಟರಿನ, ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. ಎದುರಿಗೆ ನಿಂತಿರುವುದು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೊರುವ ಎರಡೂವರೆ ಲೀಟರಿನ ಡೀಸೆಲ್ ಬೊಲೆರೊ. ಕೇಳುವ ಹುಡುಗರ ಬಗ್ಗೆ ನನಗೆ ತಕರಾರಿಲ್ಲ; ಏರಿನಲ್ಲಿ ಗಾಡಿ ದಮ್ಮು ಕಟ್ಟಿ ನಿಂತಾಗ ಅನುಭವಿಸುವವರು ಅವರು. ತಕರಾರು ಇರುವುದು ಆ ಯಂತ್ರವನ್ನು ಪುಟಗಟ್ಟಲೆ ಹೊಗಳಿ, ಅದನ್ನು ಕೂರಿಸುವ ಮೊದಲು ಆಗಬೇಕಾದ ತಯಾರಿಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ವಾಹನ ಬರಹಗಾರರ ಬಗ್ಗೆ. ನಾನಿಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಒಂದು ಸಾಲಿನ ತಯಾರಿಯನ್ನು.

ಯಂತ್ರದ ಚರಿತ್ರೆ ಆಸಕ್ತರಿಗೆ ಗೊತ್ತಿರುವಂಥದೇ. ರೂಟ್ಸ್ ಸಹೋದರರು 1860ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಪೇಟೆಂಟ್ ಪಡೆದ, ಮುಂದೆ ಸೂಪರ್‌ಚಾರ್ಜರ್ ಆದ ಗಾಳಿಯಂತ್ರ ಹುಟ್ಟಿದಾಗ ಮೋಟಾರು ಗಾಡಿಯೇ ಇರಲಿಲ್ಲ. ಅದು ಕುಲುಮೆಗೆ, ಗಣಿಗೆ ಗಾಳಿ ಊದುತ್ತಿತ್ತು. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಬೆಲ್ಟಿನ ಹಂಗು ಬಿಟ್ಟು, ಹೊರಹೋಗುವ ಹೊಗೆಯಿಂದಲೇ ಗಾಳಿಯಂತ್ರ ತಿರುಗಿಸುವ ದಾರಿಗೆ ಪೇಟೆಂಟ್ ಪಡೆದ. ಅದೇ ಟರ್ಬೊ. ಈಗಿನ ಬೊಲೆರೊ ಪಿಕಪ್ಪಿನಲ್ಲೂ ಅಶೋಕ್ ಲೇಲ್ಯಾಂಡಿನ ದೋಸ್ತ್‌ನಲ್ಲೂ ಟರ್ಬೊ ಕಂಪನಿಯಿಂದಲೇ ಬಂದಿರುತ್ತದೆ. 2005ರಲ್ಲಿ ಬಂದ ಟಾಟಾ ಏಸ್‌ಗೆ, ನಮ್ಮ ಛೋಟಾ ಹಾಥಿಗೆ, 702 ಸಿಸಿಯ ಎರಡು ಸಿಲಿಂಡರು, 16 ಅಶ್ವಶಕ್ತಿ ಇತ್ತು, ಟರ್ಬೊ ಇರಲಿಲ್ಲ; ಅದು ಅಪವಾದ. ಹೀಗಾಗಿ ಹಾವೇರಿ ಜಿಲ್ಲೆಯಲ್ಲಿ ಪಿಕಪ್ಪಿಗೆ ಸೂಪರ್‌ಚಾರ್ಜರ್ ಕೇಳುವವರು ಬಹುಪಾಲು ಈಗಾಗಲೇ ಗಾಳಿ ಊದಿಸಿಕೊಳ್ಳುತ್ತಿರುವ ಎಂಜಿನ್ನಿಗೆ ಇನ್ನೊಂದು ಊದುವ ಯಂತ್ರ ಕೇಳುತ್ತಿರುತ್ತಾರೆ.

ಇನ್ನು ತಯಾರಿ. ಅದರಲ್ಲಿ ಕೂಲಂಟ್, ಕ್ಲಚ್ಚಿನ ಡಿಸ್ಕು-ಪ್ಲೇಟು, ಬ್ರೇಕು, ಹೋಸು ಎಲ್ಲ ಬರುತ್ತವೆ. ಅವನ್ನೆಲ್ಲ ಪಟ್ಟಿ ಮಾಡುತ್ತ ಹೋಗುವುದಿಲ್ಲ. ತಯಾರಿಯ ಜೀವ ಇರುವುದು ಒಂದೇ ಕೆಲಸದಲ್ಲಿ: ಎಂಜಿನ್ನು ಈಗ ತನಗೆ ಸಿಕ್ಕ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಎಂದು ನೋಡುವುದು.

ಇದಕ್ಕೆ ಗ್ಯಾರೇಜಿನ ಮೊದಲ ಹೆಜ್ಜೆ ಎಲ್ಲರೂ ಕಂಡದ್ದು. ಎಂಜಿನ್ನು ಓಡುತ್ತಿರುವಾಗ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆಯುತ್ತಾರೆ. ಹೊಗೆ ಬುಸುಬುಸು ಬಂದರೆ “ಬ್ಯಾಕ್ ಕಂಪ್ರೆಶನ್ ಐತಿ” ಎನ್ನುತ್ತಾರೆ. ಪಿಸ್ಟನ್ ರಿಂಗು ಸವೆದು, ಮೇಲೆ ಒತ್ತಾಗಬೇಕಾದ ಗಾಳಿ ಕೆಳಗೆ ಆಯಿಲಿನ ಕೋಣೆಗೆ ಇಳಿಯುತ್ತಿದೆ ಎಂದರ್ಥ. ಬಹಳಷ್ಟು ಕಡೆ ಪರೀಕ್ಷೆ ಇಲ್ಲಿಗೇ ಮುಗಿಯುತ್ತದೆ. ನನ್ನ ಮೊದಲ ಆಕ್ಷೇಪ ಇಲ್ಲಿಯೇ. ಕಣ್ಣಳತೆಯ ಹೊಗೆ ಒಂದು ಸುಳಿವು ಮಾತ್ರ. ಯಾವ ಸಿಲಿಂಡರು, ಎಷ್ಟು ಎಂಬುದನ್ನು ಅದು ಹೇಳಲಾರದು.

ಎರಡನೆಯ ಹೆಜ್ಜೆ ಗೇಜು. ಹೀಟರ್ ಪ್ಲಗ್ಗನ್ನೋ ಇಂಜೆಕ್ಟರನ್ನೋ ಬಿಚ್ಚಿ, ಆ ತೂತಿಗೆ ಕಂಪ್ರೆಶನ್ ಗೇಜು ಕೂರಿಸಿ, ಡೀಸೆಲ್ ಬರದಂತೆ ಮಾಡಿ, ಸೆಲ್ಫ್ ಹೊಡೆಯುತ್ತಾರೆ. ನಾಲ್ಕು ಸಿಲಿಂಡರಿಗೆ ನಾಲ್ಕು ಅಂಕಿ. ಈ ಅಂಕಿಗಳನ್ನು ಓದುವುದರಲ್ಲಿ ಮೆಕ್ಯಾನಿಕ್ಕಿನ ವಿದ್ಯೆ ಗೊತ್ತಾಗುತ್ತದೆ. ನಾಲ್ಕೂ ಕಡಿಮೆ ಬಂದರೆ ಅವಸರದವನು “ಬೋರು ಹೋಗೇತಿ” ಎಂದು ಎಂಜಿನ್ನು ಇಳಿಸಲು ಹೊರಡುತ್ತಾನೆ. ಬಲ್ಲವನು ಮೊದಲು ಬ್ಯಾಟರಿ ನೋಡುತ್ತಾನೆ, ಏಕೆಂದರೆ ಬ್ಯಾಟರಿ ಬಡವಾಗಿ ಸೆಲ್ಫ್ ನಿಧಾನ ತಿರುಗಿದರೂ ಅಂಕಿ ಕೆಳಗಿಳಿಯುತ್ತದೆ. ನಾಲ್ಕೂ ಸಮನಾಗಿ ತುಸು ತಗ್ಗಿದ್ದರೆ ಅದು ವಯಸ್ಸು. ಮೂರು ಸರಿ ಇದ್ದು ಒಂದು ಮಾತ್ರ ಇಳಿದಿದ್ದರೆ ಅದು ರೋಗ. ಅಕ್ಕಪಕ್ಕದ ಎರಡು ಒಟ್ಟಿಗೆ ಇಳಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಅನುಮಾನ ಬರಬೇಕು. ಸಿಲಿಂಡರುಗಳ ನಡುವೆ ಶೇ 10ರ ಆಸುಪಾಸಿಗಿಂತ ಹೆಚ್ಚಿನ ಅಂತರ ಇರಬಾರದೆಂಬುದು ಈ ಕಸುಬಿನ ಹಳೆಯ ಲೆಕ್ಕ.

ಮೂರನೆಯ ಹೆಜ್ಜೆಯನ್ನು ಮಾಡುವವರು ಕಡಿಮೆ, ಅದೇ ನನಗೆ ಅತ್ಯಂತ ಪ್ರಿಯವಾದದ್ದು. ಕವಾಟಗಳು ಮುಚ್ಚಿರುವ ಸ್ಥಿತಿಯಲ್ಲಿ ಪಿಸ್ಟನ್ನನ್ನು ಮೇಲೆ ನಿಲ್ಲಿಸಿ, ಟೈರಿಗೆ ಗಾಳಿ ಹಾಕುವ ಕಂಪ್ರೆಸರಿನಿಂದಲೇ ಸಿಲಿಂಡರಿನೊಳಗೆ ಗಾಳಿ ಬಿಟ್ಟು, ಅದು ಎಲ್ಲಿಂದ ಸೋರುತ್ತದೆಂದು ಕಿವಿಗೊಟ್ಟು ಕೇಳುವುದು. ಆಯಿಲ್ ಬಾಯಲ್ಲಿ ಸುಯ್ಯೆಂದರೆ ರಿಂಗು. ಸೈಲೆನ್ಸರಿನಲ್ಲಿ ಕೇಳಿಸಿದರೆ ಹೊಗೆ ಬಿಡುವ ಕವಾಟ. ಏರ್ ಫಿಲ್ಟರಿನ ಕಡೆ ಕೇಳಿಸಿದರೆ ಗಾಳಿ ಎಳೆಯುವ ಕವಾಟ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆ ಈ ಕಸುಬಿನಲ್ಲಿ ಮತ್ತೊಂದಿಲ್ಲ. ಒಳ್ಳೆಯ ವಿಮರ್ಶಕನೊಬ್ಬ ಕೃತಿಯ ಬಿರುಕನ್ನು ಅದೇ ಕೃತಿಯಿಂದ ಹೇಳಿಸುವ ಹಾಗೆ, ಇಲ್ಲಿ ಎಂಜಿನ್ನೇ ತನ್ನ ದೋಷದ ಜಾಗವನ್ನು ಹೇಳುತ್ತದೆ. ಆದರೂ ಇದಕ್ಕೆ ನಮ್ಮಲ್ಲಿ ಬೆಲೆಯಿಲ್ಲ. ಅರ್ಧ ದಿನ ಕಿವಿಗೊಟ್ಟು ಕುಳಿತ ಮೆಕ್ಯಾನಿಕ್ಕಿಗೆ ಕೂಲಿ ಕೊಡಲು ಮಾಲೀಕ ಹಿಂದೆಮುಂದೆ ನೋಡುತ್ತಾನೆ; ಹೊಸ ಸಾಮಾನು ಬಿಗಿದವನಿಗೆ ಕೇಳಿದಷ್ಟು ಕೊಡುತ್ತಾನೆ.

ಈ ಮೂರೂ ಹೆಜ್ಜೆ ಪ್ರಾಮಾಣಿಕವಾಗಿ ಮುಗಿದಾಗ ಏನಾಗುತ್ತದೆ? ಎಂಜಿನ್ನು ಸೋರುತ್ತಿದ್ದರೆ ಅದಕ್ಕೆ ಹೆಚ್ಚಿನ ಗಾಳಿ ತುಂಬುವುದು ಅದನ್ನು ಕೊಲ್ಲುವ ಕೆಲಸ, ರಿಪೇರಿಯೇ ಮೊದಲು. ಸೋರುತ್ತಿಲ್ಲವಾದರೆ “ಗಾಡಿ ಎಳೀವಲ್ದು” ಎಂಬ ದೂರಿನ ಮೂಲ ಬೇರೆ ಕಡೆ ಇದೆ. ಅದು ಪೇಟೆಯ ಅಂಗಳದ ಧೂಳು, ಮೆಣಸಿನಕಾಯಿಯ ಪುಡಿ ಕಟ್ಟಿದ ಏರ್ ಫಿಲ್ಟರ್ ಇರಬಹುದು, ಟರ್ಬೊದಿಂದ ಎಂಜಿನ್ನಿಗೆ ಹೋಗುವ ಹೋಸಿನ ಸೀಳು ಇರಬಹುದು, ಇಂಜೆಕ್ಟರ್ ಇರಬಹುದು, ಜಾರುವ ಕ್ಲಚ್ ಇರಬಹುದು, ಬಿಡದೆ ಹಿಡಿದುಕೊಂಡ ಹಿಂದಿನ ಬ್ರೇಕ್ ಇರಬಹುದು. ಇವನ್ನು ಸರಿಪಡಿಸಿದರೆ ಗಾಡಿ ಎಳೆಯುತ್ತದೆ. ನನ್ನ ವಾದ ಇಷ್ಟೇ: ಸೂಪರ್‌ಚಾರ್ಜರಿನ ತಯಾರಿಯನ್ನು ಸರಿಯಾಗಿ ಮಾಡಿದರೆ ಹತ್ತರಲ್ಲಿ ಒಂಬತ್ತು ಪಿಕಪ್ಪಿಗೆ ಸೂಪರ್‌ಚಾರ್ಜರ್ ಬೇಕಾಗುವುದಿಲ್ಲ.

ಬೇಕು ಎನ್ನುವವರು ಲೆಕ್ಕ ನೋಡಲಿ. ಟರ್ಬೊ ಇಲ್ಲದ ಒಂದು ಹಳೆಯ ಎರಡೂವರೆ ಲೀಟರಿನ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಅದಕ್ಕೆ ಅರ್ಧ ಬಾರ್ ಹೆಚ್ಚಿನ ಒತ್ತಡ ಕೊಟ್ಟರೆ ಗಾಳಿ ಒಂದೂವರೆ ಪಟ್ಟು ಆಗುತ್ತದೆಂದು ಮಾರುವವರು ಹೇಳುತ್ತಾರೆ. ಆಗುವುದಿಲ್ಲ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಗುರಾಗುತ್ತದೆ. ಬ್ಯಾಡಗಿಯಲ್ಲಿ ಆವಕ ಜೋರಾಗಿರುವಾಗಲೇ ಬಿಸಿಲೂ ಏರುವುದು. ಹೊರಗೆ 40 ಡಿಗ್ರಿ ಇರುವಾಗ ಶೇ 60ರ ದಕ್ಷತೆಯ ಗಾಳಿಯಂತ್ರದಿಂದ ಹೊರಬರುವ ಗಾಳಿ ನೂರು ಡಿಗ್ರಿ ದಾಟಿರುತ್ತದೆ. ಆಗ ಸಾಂದ್ರತೆ ಏರುವುದು ಶೇ 50ರಷ್ಟಲ್ಲ, ಶೇ 25ರ ಹತ್ತಿರ. ಅದನ್ನು ಒತ್ತುವ ಕೆಲಸಕ್ಕೆ ಬೆಲ್ಟು ಎಂಜಿನ್ನಿನಿಂದಲೇ ಐದು ಕಿಲೋವಾಟ್, ಅಂದರೆ ಏಳು ಅಶ್ವಶಕ್ತಿಯಷ್ಟು ಕಿತ್ತುಕೊಳ್ಳುತ್ತದೆ. ತಣಿಸಲು ಇಂಟರ್‌ಕೂಲರ್ ಹಾಕಿದರೆ ಅದು ರೇಡಿಯೇಟರಿನ ಮುಂದೆ ನಿಂತು ರೇಡಿಯೇಟರಿಗೆ ಹೋಗುವ ಗಾಳಿಯನ್ನು ಬಿಸಿ ಮಾಡುತ್ತದೆ. ಇಷ್ಟಾದ ಮೇಲೂ ಡೀಸೆಲ್ ಎಂಜಿನ್ನಿನಲ್ಲಿ ಬರೀ ಗಾಳಿ ಹೆಚ್ಚಿದರೆ ಶಕ್ತಿ ಹೆಚ್ಚದು; ಡೀಸೆಲ್ಲೂ ಹೆಚ್ಚಬೇಕು, ಅಂದರೆ ಡೀಸೆಲ್ ಪಂಪಿನ ಸ್ಕ್ರೂ ತಿರುವಬೇಕು ಅಥವಾ ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಬದಲಿಸಬೇಕು. ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು; ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಮಿತಿ ಮೀರಿ ಡೀಸೆಲ್ ಸುಟ್ಟ ಎಂಜಿನ್ನಿನಲ್ಲಿ ಪಿಸ್ಟನ್ನಿನ ತಲೆ ತೂತಾಗುವುದು ಇದರಿಂದಲೇ.

ಹೊರುವ ಸರಕನ್ನೂ ನೋಡಬೇಕು. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ, ಕಡ್ಡಿ ತಳಿಯಿರಲಿ ಡಬ್ಬಿ ತಳಿಯಿರಲಿ, ಒಣಗಿದ ಮೇಲೆ ಹಗುರ, ಉಬ್ಬಿದ ಸರಕು. ಗಾಡಿಯ ತೂಕದ ಮಿತಿ ಮುಟ್ಟುವ ಮೊದಲೇ ಹಿಂದಿನ ತೊಟ್ಟಿ ತುಂಬುತ್ತದೆ. ಆಮೇಲೆ ಚೀಲ ಮೇಲಕ್ಕೇರುತ್ತವೆ. ಹೆದ್ದಾರಿಯ ಅಡ್ಡಗಾಳಿಗೆ ಆ ಎತ್ತರ ಓಲಾಡುತ್ತದೆ. ಅಂಥ ಗಾಡಿಗೆ ಬೇಕಾದದ್ದು ಗಟ್ಟಿ ಬ್ರೇಕು, ಸರಿಯಾದ ಟೈರು, ಬಿಗಿಯಾದ ಹಗ್ಗ. ಗೋವಿನಜೋಳ ಹೇರಿದಾಗ ಮಾತ್ರ ತೂಕದ ಪ್ರಶ್ನೆ ಬರುತ್ತದೆ. ಆಗ ಹೆಚ್ಚುವರಿ ಸ್ಪ್ರಿಂಗ್ ಪ್ಲೇಟು ಸೇರಿಸಿ, ಶಕ್ತಿಯೂ ಬೇಕೆನ್ನುತ್ತಾರೆ. ಆದರೆ ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿ 80ಕ್ಕೆ ಏರಿದರೆ, ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಒಂದೂಮುಕ್ಕಾಲು ಪಟ್ಟಿಗಿಂತ ಹೆಚ್ಚು. ಹಿಂದೆ ಅದೇ ಡ್ರಮ್ಮು, ಅದೇ ಲೈನರು.

ಇಲ್ಲಿ, ಇದ್ದುದರಲ್ಲೇ ಹೇಗೋ ಕೆಲಸ ಸಾಗಿಸುವ ಜುಗಾಡ್ ಪಂಥದವರ ಜೊತೆ ಜಗಳ ತೆಗೆಯದೆ ಮುಂದೆ ಹೋಗಲಾರೆ. 2012ರಲ್ಲಿ ನವಿ ರಾಜು, ಜೈದೀಪ್ ಪ್ರಭು, ಸಿಮೋನ್ ಅಹುಜಾ ಬರೆದ ‘ಜುಗಾಡ್ ಇನ್ನೋವೇಶನ್’ ಬಂದಾಗಿನಿಂದ, ಗ್ಯಾರೇಜಿನಲ್ಲಿ ನಡೆಯುವ ಪ್ರತಿಯೊಂದು ಜೋಡಣೆಯನ್ನೂ ಬಡವರ ಪ್ರತಿಭೆ ಎಂದು ಕೊಂಡಾಡುವ ಒಂದು ಬರವಣಿಗೆ ನಮ್ಮಲ್ಲೂ ಬೆಳೆದಿದೆ. ಇದ್ದುದರಲ್ಲಿ ಹೆಚ್ಚು ಮಾಡುವುದನ್ನು ಆ ಪುಸ್ತಕ ಎತ್ತಿ ಹಿಡಿದದ್ದು ಸರಿಯೇ. ಅದರ ಹಿಂದೆ ಬಂದ ಹೊಗಳುಭಟರು ಮಾತ್ರ ಒಂದು ದೊಡ್ಡ ಅನ್ಯಾಯ ಮಾಡಿದರು: ಅಳೆಯುವ ಮೆಕ್ಯಾನಿಕ್ಕನ್ನೂ ಅಳೆಯದವನನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು. ಪಂಪಿನ ಸೀಲು ಒಡೆದು ಸ್ಕ್ರೂ ತಿರುವಿ ಕಪ್ಪು ಹೊಗೆ ಬರಿಸಿದವನು ಅವರಿಗೆ ಕಲಾವಿದ. ನಾಲ್ಕು ಅಂಕಿ ಬರೆದುಕೊಂಡು “ಈ ಗಾಡಿಗೆ ಬ್ಯಾಡ್ರೀ ಸಾವ್ಕಾರ” ಎಂದವನು ಅವರ ಲೇಖನದಲ್ಲಿ ಬರುವುದೇ ಇಲ್ಲ. ಕಪ್ಪು ಹೊಗೆ ಎಂದರೆ ಗಾಳಿ ಸಾಲದೆ ಅರೆಬೆಂದ ಡೀಸೆಲ್. ಅದನ್ನು ಶಕ್ತಿಯ ಗುರುತೆಂದು ಬರೆದವರೂ ಇದ್ದಾರೆ. ಅವರು ಗಾಡಿ ಏರು ಹತ್ತಿದ ದಿನವನ್ನು ನೋಡುತ್ತಾರೆ. ಬೇರಿಂಗು ಹೋದ ದಿನ, ಸಾಲದ ಕಂತು ತಪ್ಪಿದ ತಿಂಗಳು ಅವರ ಲೆಕ್ಕಕ್ಕಿಲ್ಲ. ಬಡವನಿಗೆ ಕರಾರುವಾಕ್ಕಾದ ಕೆಲಸ ಬೇಡ, ಹೇಗೋ ಓಡಿದರೆ ಸಾಕು ಎಂಬ ತಾತ್ಸಾರ ಈ ಹೊಗಳಿಕೆಯ ತಳದಲ್ಲಿದೆ. ನನಗೆ ಒಪ್ಪಿಗೆಯಾಗದ್ದು ಅದೇ. ಕಮ್ಮಾರನೂ ಬಡಗಿಯೂ ಅಳತೆಗೋಲು ಹಿಡಿದೇ ಕಸುಬು ಕಟ್ಟಿದ ನಾಡಿನಲ್ಲಿ ಅಂದಾಜನ್ನು ಪರಂಪರೆ ಎಂದು ಕರೆಯುವುದು ಕುಶಲಕರ್ಮಿಗೆ ಮಾಡುವ ಅವಮಾನ.

ಇದಕ್ಕೆ ಎದುರು ತುದಿಯಲ್ಲಿ ಕಾನೂನು ಒಂದನ್ನೇ ಓದುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರ ಮೂಲ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂಥ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದು ಸರಿ, ಪಾಲಿಸಬೇಕಾದದ್ದು. ಆದರೆ ದಂಡದ ಮೊತ್ತ ಹೇಳಿ ಚರ್ಚೆ ಮುಗಿಸಿದರೆ ಹುಡುಗನಿಗೆ ಆರ್‌ಟಿಒ ಭಯ ಹುಟ್ಟೀತು, ಎಂಜಿನ್ನಿನ ತಿಳಿವಳಿಕೆ ಹುಟ್ಟದು. ಕದ್ದುಮುಚ್ಚಿ ಪಂಪು ತಿರುವಿಸುವ ಕೆಲಸ ನಿಲ್ಲದಿರುವುದು ಇದಕ್ಕೇ.

ಸೂಪರ್‌ಚಾರ್ಜರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಡೆಟ್ರಾಯಿಟ್ ಡೀಸೆಲ್ಲಿನ ಹಳೆಯ ಟೂ-ಸ್ಟ್ರೋಕ್ ಎಂಜಿನ್ನುಗಳಲ್ಲಿ ರೂಟ್ಸ್ ಗಾಳಿಯಂತ್ರ ಶೋಕಿಗಾಗಿ ಇರಲಿಲ್ಲ. ಅದು ಊದದಿದ್ದರೆ ಸಿಲಿಂಡರಿನ ಹೊಗೆ ಹೊರಹೋಗುತ್ತಿರಲಿಲ್ಲ, ಎಂಜಿನ್ನೇ ಓಡುತ್ತಿರಲಿಲ್ಲ. ದೊಡ್ಡ ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಒತ್ತಿದ ಕ್ಷಣವೇ ಸಿಗುವ ಎಳೆತ ಟರ್ಬೊ ಕೊಡಲಾರದ್ದು. ಶಿರಸಿಯಿಂದ ಕುಮಟಾಕ್ಕೆ ಸರಕು ಇಳಿಸಿ, ತಿರುಗಿ ಲೋಡು ಹೊತ್ತು ದೇವಿಮನೆ ಘಟ್ಟ ಹತ್ತುವ ಗಾಡಿಗೆ ಹೆಚ್ಚಿನ ಶಕ್ತಿ ಬೇಕೆಂಬುದೂ ನಿಜ. ಅಂಥವರು ಮುಂದಿನ ಗಾಡಿ ಕೊಳ್ಳುವಾಗ ದೊಡ್ಡ ಎಂಜಿನ್ನಿನದನ್ನು ಕೊಳ್ಳಲಿ. 75 ಅಶ್ವಶಕ್ತಿಯ ಆಸುಪಾಸಿಗೆ ಲೆಕ್ಕ ಹಾಕಿ ಕಟ್ಟಿದ ಗೇರ್‌ಬಾಕ್ಸು, ಆಕ್ಸಲ್ಲು, ಬ್ರೇಕುಗಳ ಮೇಲೆ ಆ ಭಾರ ಹೊರಿಸುವುದು ಬೇಡ.

ಬ್ಯಾಡಗಿಯ ಪಿಕಪ್ಪಿಗೆ ಸೂಪರ್‌ಚಾರ್ಜರ್ ಬೇಕಿಲ್ಲ. ಅದರ ಹೆಸರಿನಲ್ಲಿ ಆಗಬೇಕಾದ ತಯಾರಿ ಮಾತ್ರ ಪ್ರತಿ ಗಾಡಿಗೂ ಬೇಕು. ಗಾಡಿ ಇಟ್ಟವರಲ್ಲಿ ನನ್ನ ವಿನಂತಿ ಇದು. ಮುಂದಿನ ಹಂಗಾಮಿನ ಮೆಣಸಿನಕಾಯಿ ಪೇಟೆಗೆ ಬರುವ ಮುನ್ನ ನಿಮ್ಮ ಮೆಕ್ಯಾನಿಕ್ಕಿನಿಂದ ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳೆಸಿ, ಅಂಕಿಗಳನ್ನು ತಾರೀಖು ಹಾಕಿ ಬರೆಸಿ, ಎಫ್‌ಸಿ ಕಾಗದದ ಜೊತೆ ಇಟ್ಟುಕೊಳ್ಳಿ. ಆ ಕೆಲಸಕ್ಕೆ ಬೇರೆಯೇ ಕೂಲಿ ಕೊಡಿ.