ಬಾಸ್ಫರಸ್ ದಡದ ಹಡಗುನೋಟ

ಕಪ್ಪು ಸಮುದ್ರವನ್ನು ಮರ್ಮರ ಸಮುದ್ರಕ್ಕೆ ಕೂಡಿಸುವ, ಸುಮಾರು 31 ಕಿ.ಮೀ. ಉದ್ದದ ಬಾಸ್ಫರಸ್ ಜಲಸಂಧಿಯು ಅತ್ಯಂತ ಕಿರಿದಾದ ಎಡೆಯಲ್ಲಿ ಸುಮಾರು 700 ಮೀಟರಿನಷ್ಟೇ ಅಗಲವಿರುವುದರಿಂದ, ಇಸ್ತಾಂಬುಲ್ ನಗರದ ದಡದಲ್ಲಿ ನಿಂತವರಿಗೆ ಭಾರೀ ಹಡಗುಗಳು ಮನೆಯಂಗಳದ ಮುಂದೆಯೇ ಸಾಗಿದಂತೆ ಕಾಣುತ್ತವೆ. ಆದರೆ ನುರಿತ ವೀಕ್ಷಕರ ಕಣ್ಣು ಗಾತ್ರಕ್ಕೆ ಬೆರಗಾಗಿ ನಿಲ್ಲದೆ, ಹಡಗು ಎಷ್ಟು ಆಳದವರೆಗೆ ಮುಳುಗಬಹುದೆಂದು ಸೂಚಿಸುವ ಭಾರರೇಖೆಯನ್ನು ಅದರ ಒಡಲಿನ ಮೇಲೆ ಹುಡುಕುತ್ತದೆ. ಆ ಗೆರೆ ನೀರಿನಿಂದ ಬಹಳ ಮೇಲಿದ್ದು, ತಳಭಾಗದ ಕೆಂಪು ಬಣ್ಣ ಅಗಲವಾಗಿ ಕಂಡು, ಪ್ರೊಪೆಲ್ಲರಿನ ಅಲಗು ನೊರೆಯೆಬ್ಬಿಸುತ್ತ ನೀರನ್ನು ಬಡಿಯುತ್ತಿದ್ದರೆ, ಹಡಗು ಸರಕಿಲ್ಲದೆ ಹೊರಟಿದೆಯೆಂದು ಅವರು ಅರಿಯುತ್ತಾರೆ. ಇರುಳಿನಲ್ಲಿ ಎಡಬದಿಯ ಕೆಂಪು ದೀಪ, ಬಲಬದಿಯ ಹಸಿರು ದೀಪಗಳೇ ಅದರ ದಿಕ್ಕನ್ನು ಹೇಳುತ್ತವೆ. ಹಡಗಿನ ಹೆಸರು, ವೇಗ, ಪಥಗಳನ್ನು ರೇಡಿಯೊ ಮೂಲಕ ತಾನಾಗಿಯೇ ಬಿತ್ತರಿಸುವ ಎಐಎಸ್ ಎಂಬ ವ್ಯವಸ್ಥೆಯೂ ಇಂದು ನೆರವಿಗಿದೆ. ಹೆಸರು, ಒಡೆತನ, ಧ್ವಜ ಬದಲಾದರೂ ಐಎಂಒ ಸಂಖ್ಯೆ ಎಂಬ ಏಳು ಅಂಕಿಗಳ ಗುರುತು ಹಡಗಿನ ಆಯುಷ್ಯವಿಡೀ ಬದಲಾಗದು. ಅದರ ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7ರಿಂದ 2ರವರೆಗಿನ ಸಂಖ್ಯೆಗಳಿಂದ ಗುಣಿಸಿ ಕೂಡಿದಾಗ ಬರುವ ಮೊತ್ತದ ಕೊನೆಯ ಅಂಕಿಯೇ ಏಳನೆಯದು. ಎಐಎಸ್ ಪರದೆಯ ಮೇಲಿನ ಬಿಂದುವನ್ನು ಕಣ್ಣೆದುರಿನ ಉಕ್ಕಿನ ಒಡಲಿನೊಡನೆ ಹೊಂದಿಸಿ ನೋಡುವ ಈ ತಾಳ್ಮೆಯೇ ಹಡಗುನೋಟವನ್ನು ಒಂದು ಕಲೆಯಾಗಿಸಿದೆ.